ನಿಮ್ಮ ಕೈಯಲ್ಲಿರುವುದು ಫೋನೋ, ಕಂಪನಿಯೋ?



ಹೋದ ತಿಂಗಳು ನನ್ನ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಸಾಲ ಸೋಲ ಮಾಡಿ ಸ್ವಂತಕ್ಕೊಂದು ಮೊಬೈಲ್ ಅಂಗಡಿ ತೆರೆಯುತ್ತಿದ್ದಾನೆ. ಎರಡು ಸಾವಿರ ಕರಪತ್ರ ಬೇಕಂತೆ. "ಕನ್ನಡದಲ್ಲೇ ಇರಲಿ ಅಣ್ಣ" ಎಂದ. ಸಂತೋಷವಾಯಿತು, ಟೀ ತರಿಸಿದೆ. ಅವನು ಬರೆದು ತಂದಿದ್ದ ಚೀಟಿ ಓದಿದೆ. "ನಮ್ಮಲ್ಲಿ ಐಫೋನ್, ಆಂಡ್ರಾಯ್ಡ್, ಜಿಯೋ, ಕೀಪ್ಯಾಡ್ ಎಲ್ಲಾ ದೊರೆಯುತ್ತದೆ" ಎಂದಿತ್ತು.

"ಇದೇನಪ್ಪಾ, ನಾಲ್ಕು ಥರದ ವ್ಯಾಪಾರ ಮಾಡ್ತೀಯಾ?" ಅಂದೆ.

"ನಾಲ್ಕೂ ಫೋನೇ ಅಣ್ಣ" ಅಂದ.

ಅಲ್ಲ ಸ್ವಾಮಿ, ನಾಲ್ಕೂ ಫೋನಲ್ಲ! ಐಫೋನ್ ಎಂಬುದು ಒಂದು ಕಂಪನಿ ತನ್ನ ಸರಕಿಗೆ ಇಟ್ಟುಕೊಂಡ ಹೆಸರು. ಆಂಡ್ರಾಯ್ಡ್ ಎಂಬುದು ಫೋನಿನೊಳಗೆ ಕೂತು ಕೆಲಸ ನಡೆಸುವ ತಂತ್ರಾಂಶ. ಜಿಯೋ ಎಂಬುದು ಮಾತನ್ನೂ ಡೇಟಾವನ್ನೂ ಸಾಗಿಸುವ ಜಾಲ. ಕೀಪ್ಯಾಡ್ ಎಂದರೆ ಮೇಲಿರುವ ಗುಂಡಿಗಳು. ಬಾಳೆಹಣ್ಣಿನ ಅಂಗಡಿಯವನು "ನಮ್ಮಲ್ಲಿ ರಸಬಾಳೆ, ತಿರುಳು, ಲಾರಿ, ಸಿಪ್ಪೆ ಎಲ್ಲಾ ದೊರೆಯುತ್ತದೆ" ಎಂದು ಬೋರ್ಡು ಹಾಕಿದರೆ ನೀವು ನಗುವುದಿಲ್ಲವೆ? ಮೊಬೈಲ್ ಅಂಗಡಿಯವನು ಹಾಕಿದರೆ ಯಾಕೆ ನಗುವುದಿಲ್ಲ?

ಯಾಕೆಂದರೆ ನಾವೆಲ್ಲ ಹಾಗೇ ಮಾತಾಡುತ್ತೇವೆ. "ನಿನ್ನದು ಯಾವ ಫೋನು?" ಎಂದರೆ ಒಬ್ಬ "ಏರ್‌ಟೆಲ್" ಅನ್ನುತ್ತಾನೆ, ಇನ್ನೊಬ್ಬ "ಆಂಡ್ರಾಯ್ಡ್" ಅನ್ನುತ್ತಾನೆ, ಮತ್ತೊಬ್ಬ "ವಾಟ್ಸಪ್ ಇರೋದು" ಅನ್ನುತ್ತಾನೆ. ಮೂವರಲ್ಲಿ ಒಬ್ಬನೂ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದೆಯೆ? ನಾನು ಓದಿದ್ದು ಪಿಯುಸಿವರೆಗೆ ಮಾತ್ರ. ಆದರೂ ಇದೊಂದು ಪಾಠ ಮರೆತಿಲ್ಲ. ನಾಮಪದದಲ್ಲಿ ಮೂರು ಬಗೆ ಎಂದು ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸುತ್ತಿದ್ದರು. ನದಿ ಎಂದರೆ ರೂಢನಾಮ, ಎಲ್ಲ ನದಿಗಳಿಗೂ ಸಲ್ಲುವ ಹೆಸರು. ಕಾವೇರಿ ಎಂದರೆ ಅಂಕಿತನಾಮ, ಆ ಒಂದಕ್ಕೇ ಇಟ್ಟ ಹೆಸರು. ವ್ಯಾಪಾರಿ, ಪಂಡಿತ ಎಂದರೆ ಅನ್ವರ್ಥನಾಮ, ಕೆಲಸವನ್ನೋ ಗುಣವನ್ನೋ ನೋಡಿ ಬಂದ ಹೆಸರು. ಫೋನ್, ಮೊಬೈಲ್ ಎಂಬುವು ರೂಢನಾಮ. ಐಫೋನ್, ನೋಕಿಯಾ, ಜಿಯೋ ಎಂಬುವು ಅಂಕಿತನಾಮ. ಅಂಕಿತನಾಮವನ್ನು ತಂದು ರೂಢನಾಮದ ಕುರ್ಚಿಯಲ್ಲಿ ಕೂರಿಸಿದ್ದೇವೆ. ಇದು ಪರೀಕ್ಷೆಯಲ್ಲಿ ಒಂದು ಅಂಕ ಕಳೆಯುವ ತಪ್ಪು ಅಷ್ಟೇ ಎಂದುಕೊಳ್ಳಬೇಡಿ. ಇದಕ್ಕೆ ದುಡ್ಡು ತೆತ್ತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿತ್ತಲ್ಲ, ಆಗಿನ ಮಾತು. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರು ಅಪ್ಪನ ಕಾಲದಿಂದ ಇದ್ದಾರೆ. ನನಗೆ ಅವರು ಚಿಕ್ಕಪ್ಪನಿದ್ದ ಹಾಗೆ. ಅವರ ಮೊಮ್ಮಗಳು ಆಗ ಎಂಟನೇ ಕ್ಲಾಸು. ಪಾಠವೆಲ್ಲ ಫೋನಿನಲ್ಲೇ ನಡೆಯುತ್ತದೆ, ಮನೆಯಲ್ಲಿ "ವಾಟ್ಸಪ್ ಫೋನ್" ಇರಬೇಕು ಎಂದು ಶಾಲೆಯಿಂದ ಹೇಳಿ ಕಳಿಸಿದರು. ಅವರು ನನ್ನ ಹತ್ತಿರ ಬಂದು "ಅಂಗಡೀಲಿ ಏನಂತ ಕೇಳ್ಲಿ?" ಎಂದರು. ಮಷಿನ್ ಓಡುತ್ತಿತ್ತು, ನಾನು ತಲೆ ಎತ್ತದೆ "ವಾಟ್ಸಪ್ ಫೋನ್ ಕೊಡಿ ಅನ್ನಿ, ಕೊಡ್ತಾರೆ" ಅಂದೆ.

ಕೊಟ್ಟರು. ಗುಂಡಿ ಒತ್ತುವ ಒಂದು ಫೋನು. ಅದರಲ್ಲಿ ವಾಟ್ಸಪ್ ಇತ್ತು, ಮೇಷ್ಟ್ರು ಕಳಿಸಿದ ಸಂದೇಶವೂ ಬಂತು. ಆದರೆ ಆ ಸಂದೇಶದಲ್ಲಿದ್ದ ವಿಡಿಯೋ ತರಗತಿ ಆ ಫೋನಿನಲ್ಲಿ ತೆರೆಯಲೇ ಇಲ್ಲ. ಮಗು ಎರಡಂಗುಲದ ಪರದೆ ನೋಡುತ್ತಾ ಕೂತಿತ್ತು. ನಾನೇ ಅವರನ್ನು ಕರೆದುಕೊಂಡು ಅಂಗಡಿಗೆ ಜಗಳಕ್ಕೆ ಹೋದೆ. ಅಂಗಡಿಯವನು ಶಾಂತವಾಗಿ ಹೇಳಿದ: "ಯಜಮಾನ್ರು ಕೇಳಿದ್ದು ವಾಟ್ಸಪ್ ಫೋನು. ಇದರಲ್ಲಿ ವಾಟ್ಸಪ್ ಇದೆ. ಇಲ್ಲ ಅಂತ ತೋರಿಸಿ."

ನಾನು ಏನೆಂದು ತೋರಿಸಲಿ? ಅವನು ಸುಳ್ಳು ಹೇಳಿರಲಿಲ್ಲ. ಕೇಳಿದ್ದನ್ನೇ ಕೊಟ್ಟಿದ್ದ. ಕೇಳಿದ ಮಾತೇ ತಪ್ಪಾಗಿತ್ತು, ಆ ಮಾತನ್ನು ಹೇಳಿಕೊಟ್ಟವನು ನಾನು. ಇಪ್ಪತ್ತೈದು ವರ್ಷ ಅಕ್ಷರ ಜೋಡಿಸಿ ಹೊಟ್ಟೆ ಹೊರೆದವನು! ಒಂದು ಹಳೇ ಫೋನು ಹೊಂದಿಸಿ ಕೊಡುವ ಹೊತ್ತಿಗೆ ಆ ಹುಡುಗಿಗೆ ಮೂರು ವಾರದ ಪಾಠ ಹೋಗಿತ್ತು. ಚಿಕ್ಕಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅವತ್ತು ನನಗೆ ಅರ್ಥವಾಯಿತು. ವಸ್ತುವಿಗೆ ನಮ್ಮ ಬಾಯಲ್ಲಿ ಸರಿಯಾದ ಹೆಸರಿಲ್ಲದಿದ್ದರೆ ಅಂಗಡಿಯ ಕಟ್ಟೆಯ ಮುಂದೆ ನಮಗೆ ನ್ಯಾಯವೂ ಇಲ್ಲ.

ಈ ಗೊಂದಲ ಎಲ್ಲಿಂದ ಬಂತು ನೋಡೋಣ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ಮಾಡಿದ್ದು. ನಾನು 1997ರಲ್ಲಿ ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದಾಗ ಕರ್ನಾಟಕದಲ್ಲಿ ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಎರಡು ಕಂಪನಿಗಳಿದ್ದವು. ವಿಸಿಟಿಂಗ್ ಕಾರ್ಡಿನಲ್ಲಿ "ಸ್ಪೈಸ್ ನಂಬರ್" ಎಂದೇ ಅಚ್ಚು ಹಾಕಿ ಎನ್ನುವವರಿದ್ದರು. ಆಮೇಲೆ 2002ರಲ್ಲಿ ಬಿಎಸ್ಸೆನ್ನೆಲ್ಲಿನ ಸೆಲ್ ಒನ್ ಬಂತು. 2003ರಲ್ಲಿ 501 ರೂಪಾಯಿ ಕಟ್ಟಿದರೆ ರಿಲಯನ್ಸ್ ಫೋನು ಕೈಗೆ ಸಿಕ್ಕಿತು. ಅದರಲ್ಲಿ ಫೋನೂ ಜಾಲವೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಹಾಗಾಗಿ "ರಿಲಯನ್ಸ್ ಫೋನ್" ಎಂದರೆ ಆಗ ಸರಿಯಾಗೇ ಇತ್ತು. ಆ ರೂಢಿ ನಾಲಗೆ ಬಿಡಲಿಲ್ಲ.

ಈಗ ಆ ಹೆಸರುಗಳೆಲ್ಲ ಎಲ್ಲಿವೆ? ಜೆ.ಟಿ. ಮೊಬೈಲ್ಸನ್ನು ಭಾರ್ತಿಯವರು ಕೊಂಡರು. ಸ್ಪೈಸ್ ಹೋಗಿ ಐಡಿಯಾದಲ್ಲಿ ಸೇರಿತು. ಹಚ್ ಇದ್ದದ್ದು 2007ರಲ್ಲಿ ವೊಡಾಫೋನ್ ಆಯಿತು. ವೊಡಾಫೋನೂ ಐಡಿಯಾವೂ ಕೂಡಿ 2020ರಲ್ಲಿ ವಿಐ ಆಯಿತು. ಪ್ರತಿ ಸಲ ಹೆಸರು ಬದಲಾದಾಗಲೂ ಗಿರಾಕಿಗಳು ಬಂದು ಕಾರ್ಡು, ಬಿಲ್ ಪುಸ್ತಕ ಮತ್ತೆ ಹಾಕಿಸಿಕೊಂಡು ಹೋದರು. ನನಗೆ ಲಾಭ, ಅವರಿಗೆ ನಷ್ಟ. 2011ರ ಜನವರಿಯಿಂದ ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಅನುಕೂಲ ದೇಶದ ಎಲ್ಲ ಕಡೆ ಬಂತು. ಅಲ್ಲಿಗೆ "ಏರ್‌ಟೆಲ್ ನಂಬರ್" ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. ಆದರೆ ಲಗ್ನಪತ್ರಿಕೆಯಲ್ಲಿ "ಮೊ:" ಎಂದು ಹಾಕಿಸಿದವರ ಕಾರ್ಡು ಇವತ್ತಿಗೂ ಹಳತಾಗಿಲ್ಲ. ಕಂಪನಿಗಳು ಬಂದುಹೋದವು, ರೂಢನಾಮ ಉಳಿಯಿತು.

ಫೋನಿನ ಕಥೆಯೂ ಅದೇ. ಒಂದು ಕಾಲಕ್ಕೆ ಮೊಬೈಲ್ ಎಂದರೆ ನೋಕಿಯಾ. 2003ರಲ್ಲಿ ಬಂದ ಟಾರ್ಚಿನ 1100 ಫೋನು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಯಾವ ಫೋನಿನ ಚಾರ್ಜರ್ ಆದರೂ "ನೋಕಿಯಾ ಪಿನ್ ಇದೆಯಾ" ಎಂದೇ ಕೇಳುತ್ತಿದ್ದೆವು. 2014ರಲ್ಲಿ ಆ ಫೋನ್ ವ್ಯಾಪಾರ ಮೈಕ್ರೋಸಾಫ್ಟ್ ಪಾಲಾಯಿತು. ಆಮೇಲೆ ಆ ಹೆಸರಿನಲ್ಲಿ ಫೋನು ಮಾರಿದ್ದು ಬೇರೆಯೇ ಕಂಪನಿ. ಹೆಸರು ಒಬ್ಬರದು, ಸರಕು ಇನ್ನೊಬ್ಬರದು!

ಐಫೋನ್ ಎಂಬ ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. 2007ರಲ್ಲಿ ಆಪಲ್ ಕಂಪನಿ ಆ ಹೆಸರು ಘೋಷಿಸಿದ ಕೂಡಲೇ ಸಿಸ್ಕೋ ಎಂಬ ಇನ್ನೊಂದು ಕಂಪನಿ, ಆ ಹೆಸರು ತನ್ನದು ಎಂದು ಕೋರ್ಟಿಗೆ ಹೋಯಿತು. ಮುಂದಿನ ತಿಂಗಳು ರಾಜಿಯಾಯಿತು. ಒಂದು ಪದಕ್ಕಾಗಿ ಕಂಪನಿಗಳು ಹೀಗೆ ಬಡಿದಾಡುತ್ತವೆ. ಹೆಸರಿನ ಬೆಲೆ ಅವರಿಗೆ ಗೊತ್ತು.

ಇದರಲ್ಲಿ ಇನ್ನೊಂದು ಗುಟ್ಟಿದೆ. ತನ್ನ ಹೆಸರು ರೂಢನಾಮವಾಗುವುದು ಕಂಪನಿಗೂ ಬೇಡ. ಜನರೆಲ್ಲ ಆ ಹೆಸರನ್ನು ವಸ್ತುವಿಗೇ ಬಳಸತೊಡಗಿದರೆ ಅದರ ಮೇಲಿನ ಹಕ್ಕು ಕಂಪನಿಯ ಕೈತಪ್ಪಬಹುದು. ಥರ್ಮಾಸ್, ಎಸ್ಕಲೇಟರ್, ಆಸ್ಪಿರಿನ್ ಇವೆಲ್ಲ ಅಮೆರಿಕದಲ್ಲಿ ಹಾಗೆ ಕೈತಪ್ಪಿದ ಹೆಸರುಗಳು. ಸೋನಿ ಕಂಪನಿಯ ವಾಕ್‌ಮನ್ ಎಂಬ ಹೆಸರಿಗೂ 2002ರಲ್ಲಿ ಆಸ್ಟ್ರಿಯಾದ ಕೋರ್ಟಿನಲ್ಲಿ ಇದೇ ಗತಿಯಾಯಿತು. ಜೆರಾಕ್ಸ್ ಕಂಪನಿಯವರಂತೂ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿ, ನಕಲು ತೆಗೆಯುವುದಕ್ಕೆಲ್ಲ ನಮ್ಮ ಹೆಸರು ಬಳಸಬೇಡಿ ಎಂದು ಕೇಳಿಕೊಂಡರು. ಅವರ ಹೆಸರನ್ನು ಕಾಯಲು ವಕೀಲರ ಪಡೆಯಿದೆ. ನಮ್ಮ ಮಾತನ್ನು ಕಾಯಲು ಯಾರಿದ್ದಾರೆ? ನಾವೇ ತಾನೆ?

ನೀವು ಕೇಳಬಹುದು: "ಅಣ್ಣ, ನಿಮ್ಮ ಪ್ರೆಸ್ಸಿನ ಬಾಗಿಲಲ್ಲೇ ಜೆರಾಕ್ಸ್ ಎಂಬ ಬೋರ್ಡಿದೆಯಲ್ಲ!" ಹೌದಪ್ಪಾ, ಇದೆ. ಒಳಗಿರುವ ಮಷಿನ್ ಆ ಕಂಪನಿಯದಲ್ಲ. ಜೆರಾಕ್ಸ್, ಡಾಲ್ಡಾ, ಬಿಸ್ಲೇರಿ ಎಂದು ನಾವೆಲ್ಲ ಅಂದವರೇ. ನಾನೇನು ಮಡಿವಂತನಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಯಾವ ಮಷಿನ್ನಿನಲ್ಲಿ ನಕಲು ತೆಗೆದರೂ ನಿಮ್ಮ ಕೈಗೆ ಬರುವುದು ಒಂದೇ ಹಾಳೆ. ಅಲ್ಲಿ ಹೆಸರು ತಪ್ಪಿದರೆ ಗಂಟೇನೂ ಹೋಗುವುದಿಲ್ಲ. ಫೋನಿನಲ್ಲಿ ಹಾಗಲ್ಲ. ಒಂದರಲ್ಲಿ ಪಾಠ ತೆರೆಯುತ್ತದೆ, ಇನ್ನೊಂದರಲ್ಲಿ ಇಲ್ಲ. ಒಂದಕ್ಕೆ ಹಾಕಿದ ಆಪ್ ಇನ್ನೊಂದಕ್ಕೆ ಹತ್ತುವುದಿಲ್ಲ. ಜಾಲದ ದೋಷಕ್ಕೆ ಫೋನ್ ರಿಪೇರಿ ಮಾಡಿಸಿ, ಫೋನಿನ ದೋಷಕ್ಕೆ ಸಿಮ್ ಬದಲಿಸಿ ದುಡ್ಡು ಕಳೆದವರು ನಿಮ್ಮ ಬೀದಿಯಲ್ಲೇ ಇದ್ದಾರೆ.

ನನ್ನ ಕಸುಬಿನಲ್ಲೂ ಈ ಪಾಡಿದೆ. "ನುಡಿಯಲ್ಲಿ ಟೈಪ್ ಮಾಡಿದೀನಿ ಸಾರ್" ಎಂದು ಗಿರಾಕಿ ಕಡತ ಕೊಡುತ್ತಾನೆ. ತೆರೆದರೆ ಅದು ಬೇರೆ ತಂತ್ರಾಂಶದಲ್ಲಿ ಮಾಡಿದ್ದು. ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಕಂಪ್ಯೂಟರಿನ ಕನ್ನಡಕ್ಕೆಲ್ಲ ಕೆಲವರ ಬಾಯಲ್ಲಿ ನುಡಿ ಎಂದೇ ಹೆಸರು, ಇನ್ನು ಕೆಲವರಿಗೆ ಬರಹ ಎಂದೇ ಹೆಸರು. ನಾಳೆ ಸಮಾರಂಭ, ಇವತ್ತು ರಾತ್ರಿ ಕೂತು ಎಲ್ಲ ಮತ್ತೆ ಟೈಪ್ ಮಾಡಬೇಕು. ಹೆಸರು ಕನ್ನಡದ್ದೇ ಆಗಿದ್ದರೂ ಗೊಂದಲ ಗೊಂದಲವೇ. ಹಾಗಾಗಿ ಇದು ಇಂಗ್ಲಿಷ್ ಪದದ ಮೇಲಿನ ಸಿಟ್ಟಲ್ಲ ಎಂಬುದನ್ನು ಗಮನಿಸಿ.

ಬೇರೆ ದೇಶದವರು ಏನು ಮಾಡಿದರು? ಚೀನಾದವರು ಶೌಜಿ ಎಂದರು, ಅಂದರೆ ಕೈಯಂತ್ರ. ಜಪಾನಿನವರು ಕೇತಾಯ್ ಎಂದರು, ಜೊತೆಯಲ್ಲಿ ಒಯ್ಯುವಂಥದು ಎಂಬರ್ಥದ್ದು. ನೋಕಿಯಾದ ತವರು ಫಿನ್ಲೆಂಡಿನಲ್ಲಿ ಜನ ಮೊಬೈಲಿಗೆ ನೋಕಿಯಾ ಎನ್ನಲಿಲ್ಲ. ಕ್ಯಾನ್ನುಕ್ಕಾ ಎಂದರು. ಅಂಗೈ ಎಂಬ ಅವರ ಮಾತಿನಿಂದ ಬಂದ ಪದ. ಅದೂ 1980ರ ದಶಕದಲ್ಲಿ ನೋಕಿಯಾದವರೇ ನೋಂದಾಯಿಸಿಕೊಂಡ ಹೆಸರಾಗಿತ್ತು. ಜನ ಅದನ್ನು ಕಿತ್ತುಕೊಂಡು ಎಲ್ಲ ಕಂಪನಿಯ ಫೋನಿಗೂ ಬಳಸಿದರು! ಕಂಪನಿ ಕೂಡ ಹೆಸರಿಡುವಾಗ ಆ ನಾಡಿನ ಭಾಷೆಗೇ ಬರಬೇಕಾಯಿತು, ಅದನ್ನು ನೋಡಿ. ನಮ್ಮಲ್ಲಿ ವ್ಯಾಪಾರ ಮಾಡುವ ಎಷ್ಟು ಕಂಪನಿಗಳು ಕನ್ನಡದಲ್ಲಿ ಒಂದು ಹೆಸರು ಇಡಲು ಯೋಚಿಸಿವೆ?

ಹಾಗಾದರೆ ಕನ್ನಡದಲ್ಲಿ ಪದವಿಲ್ಲವೆ? ಇವೆ. ಸಂಚಾರಿ ದೂರವಾಣಿ ಎಂದು ಕಚೇರಿ ಕಾಗದಗಳಲ್ಲಿ ಬರೆದರು. ಜಂಗಮವಾಣಿ ಎಂದು ಕೆಲವರು ಚೆಂದದ ಪದ ಕಟ್ಟಿದರು. ಒಂದೆಡೆ ನಿಲ್ಲದ್ದು ಜಂಗಮ ಎಂಬುದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಳಸುವವರು ಧಾರಾಳವಾಗಿ ಬಳಸಿ, ನಾನೂ ಲಗ್ನಪತ್ರಿಕೆಗಳಲ್ಲಿ ಹಾಕಿದ್ದೇನೆ. ಬೀದಿಯಲ್ಲಿ ಮೊಬೈಲು ಎನ್ನುತ್ತೀರಾ? ಅನ್ನಿ. ಅದಕ್ಕೆ ಉಕಾರ ಹಚ್ಚಿ, ಮೊಬೈಲಿಗೆ, ಮೊಬೈಲಿನಲ್ಲಿ ಎಂದು ವಿಭಕ್ತಿ ಹಚ್ಚಿ ನಮ್ಮದು ಮಾಡಿಕೊಂಡಾಗಿದೆ. ಅದು ಯಾವ ಕಂಪನಿಯ ಆಸ್ತಿಯೂ ಅಲ್ಲ.

ಆದರೆ ಎಲ್ಲಕ್ಕಿಂತ ಒಳ್ಳೆಯ ಪದ ಕಟ್ಟಿದವರು ಪಂಡಿತರಲ್ಲ, ನಮ್ಮ ಹಳ್ಳಿಯ ಅಜ್ಜಿಯರು. ಅವರು ಕಂಪನಿ ನೋಡಲಿಲ್ಲ, ಕೈ ನೋಡಿದರು. ಬೆರಳು ಒತ್ತುತ್ತಿದ್ದರೆ "ಒತ್ತೋ ಫೋನು", ಬೆರಳು ಉಜ್ಜುತ್ತಿದ್ದರೆ "ಉಜ್ಜೋ ಫೋನು". ನೀವು ಕೇಳಿ ನಕ್ಕಿರುತ್ತೀರಿ. ನಗಬೇಡಿ! ಅದು ಅಪ್ಪಟ ಅನ್ವರ್ಥನಾಮ. ಆ ಹುಡುಗ ತಂದ ಚೀಟಿಯ ನಾಲ್ಕು ಹೆಸರುಗಳಲ್ಲಿ ಇಲ್ಲದ ಸ್ಪಷ್ಟತೆ ಅಜ್ಜಿಯ ಎರಡು ಮಾತಿನಲ್ಲಿದೆ. ಅವತ್ತು ನಾನು ಚಿಕ್ಕಪ್ಪನಿಗೆ "ಉಜ್ಜೋ ಫೋನು ಕೇಳಿ, ವಿಡಿಯೋ ಪಾಠ ಓಡಿಸಿ ತೋರಿಸು ಅನ್ನಿ" ಎಂದಿದ್ದರೆ ಮೂರು ವಾರದ ಪಾಠ ಉಳಿಯುತ್ತಿತ್ತು.

ಇನ್ನೊಂದು ಮಾತು, ಇದು ಕನ್ನಡದ ಹಕ್ಕಿನ ಮಾತು. ಫೋನುಗಳಲ್ಲಿ ಭಾರತೀಯ ಭಾಷೆಗಳು ಬರಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಹೊರಡಿಸಿತು. ಐಎಸ್ 16333 ಎಂಬುದು ಅದರ ಮಾನದಂಡ. 22 ಭಾಷೆಗಳ ಸಂದೇಶವನ್ನೂ ಓದಲು ಬರಬೇಕು, ಇಂಗ್ಲಿಷ್, ಹಿಂದಿಯ ಜೊತೆಗೆ ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು ಎಂದು ಅದು ಹೇಳಿತು. ಆ ಇನ್ನೊಂದು ಭಾಷೆ ಕನ್ನಡವೇ ಆಗಲಿ ಎಂದು ಕೇಳಬೇಕಾದವರು ನಾವು. ಈ ಆದೇಶ ಯಾವ ಹೆಸರಿಗೆ ಅನ್ವಯಿಸುತ್ತದೆ? ಐಫೋನಿಗೆ ಎಂದಿಲ್ಲ, ಆಂಡ್ರಾಯ್ಡಿಗೆ ಎಂದಿಲ್ಲ. "ಮೊಬೈಲ್ ಫೋನ್" ಎಂದಿದೆ. ಕಾನೂನು ರೂಢನಾಮದಲ್ಲಿ ಮಾತಾಡುತ್ತದೆ. "ಈ ಕಂಪನಿ ಫೋನಲ್ಲಿ ಕನ್ನಡ ಬರಲ್ಲ ಬಿಡಿ" ಎಂದು ನೀವು ಒಪ್ಪಿಕೊಂಡ ಕ್ಷಣ ಎಲ್ಲ ಫೋನಿನ ಮೇಲೂ ನಿಮಗಿರುವ ಹಕ್ಕನ್ನು ಒಂದು ಕಂಪನಿಯ ಮರ್ಜಿಗೆ ಬಿಟ್ಟುಕೊಟ್ಟಿರಿ. "ಇದು ಮೊಬೈಲ್ ಫೋನು, ಇದರಲ್ಲಿ ಕನ್ನಡ ಬರಲೇಬೇಕು, ತೋರಿಸಿ" ಎಂದರೆ ಹಕ್ಕು ನಿಮ್ಮ ಕೈಯಲ್ಲೇ ಇರುತ್ತದೆ.

ಹಾಗಾಗಿ ಗೆಳೆಯರೇ, ನಾನು ಕೇಳುವುದು ದೊಡ್ಡದೇನಲ್ಲ. ಬೀದಿಗಿಳಿಯಿರಿ, ಬೋರ್ಡಿಗೆ ಮಸಿ ಬಳಿಯಿರಿ ಎನ್ನುತ್ತಿಲ್ಲ. ಮಸಿ ನನ್ನ ಅನ್ನ, ಅದನ್ನು ಪೋಲು ಮಾಡಬೇಡಿ. ವಸ್ತುವನ್ನು ವಸ್ತುವಿನ ಹೆಸರಿನಿಂದ ಕರೆಯಿರಿ. ಕಂಪನಿಯ ಹೆಸರು ಬೇಕಾದಾಗ ಅದರ ಹಿಂದೆ ಇಡಿ: ಇಂಥ ಕಂಪನಿಯ ಫೋನು, ಇಂಥ ಕಂಪನಿಯ ಸಿಮ್ಮು. ಹಣ ಕೊಡುವಾಗ "ಫೋನ್‌ಪೇ ಮಾಡ್ಲಾ, ಗೂಗಲ್‌ಪೇ ಮಾಡ್ಲಾ" ಎನ್ನುವ ಬದಲು "ಫೋನಲ್ಲಿ ಕಳಿಸ್ತೀನಿ" ಎನ್ನಿ, ಸಾಕು. ಯಾವ ಆಪ್ ಆದರೂ ಯುಪಿಐ ಒಂದೇ. ಅದು ಗೊತ್ತಿಲ್ಲದೆ, ಕಟ್ಟೆಯ ಮೇಲೆ ತಮ್ಮ ಕಂಪನಿಯ ಚೀಟಿ ಕಾಣಲಿಲ್ಲವೆಂದು ಎಟಿಎಂ ಹುಡುಕಿಕೊಂಡು ಹೋದ ಗಿರಾಕಿಗಳನ್ನು ನಾನೇ ಕರೆದು ನಿಲ್ಲಿಸಿದ್ದೇನೆ. ಮನೆಯ ಹಿರಿಯರು ಫೋನು ಕೊಳ್ಳಲು ಹೊರಟರೆ ಅವರಿಗೆ ಕಂಪನಿಯ ಹೆಸರು ಬಾಯಿಪಾಠ ಮಾಡಿಸಬೇಡಿ. ಏನು ಕೆಲಸ ಆಗಬೇಕು ಎಂದು ಹೇಳಿಕೊಡಿ.

ಆ ಹುಡುಗನ ಕರಪತ್ರ ಏನಾಯಿತು ಎನ್ನುತ್ತೀರಾ? ಇಬ್ಬರೂ ಕೂತು ಟೀ ಮುಗಿಯುವುದರೊಳಗೆ ತಿದ್ದಿದೆವು. "ಒತ್ತುವ ಫೋನು, ಉಜ್ಜುವ ಫೋನು, ಎಲ್ಲ ಕಂಪನಿಗಳದೂ ನಮ್ಮಲ್ಲಿ ದೊರೆಯುತ್ತವೆ. ನಿಮ್ಮ ಕೆಲಸ ಹೇಳಿ, ತಕ್ಕ ಫೋನು ತೋರಿಸುತ್ತೇವೆ. ಕನ್ನಡ ಓದಲು ಬರೆಯಲು ಬರುವುದನ್ನು ನಿಮ್ಮ ಮುಂದೆಯೇ ನೋಡಿ ಕೊಡುತ್ತೇವೆ."

"ಜನ ನಗಲ್ವಾ ಅಣ್ಣ?" ಎಂದು ಕೇಳಿದ.

"ನಗ್ತಾರೆ. ನಕ್ಕವರು ಒಳಗೆ ಬರ್ತಾರೆ" ಎಂದೆ.

ಎರಡು ಸಾವಿರ ಹಾಕಿಸಿಕೊಂಡು ಹೋದವನು ಮೊನ್ನೆ ಮತ್ತೆ ಬಂದಿದ್ದ. ಇನ್ನೂ ಒಂದು ಸಾವಿರ ಬೇಕಂತೆ.